ಮೊಮ್ಮಗುವನ್ನು ನೋಡಲು ಅಜ್ಜಿಗೆ ದಾರಿ ಇದೆಯೇ?



ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆ ನಿಮಗೆ ಗೊತ್ತು. ನಾವೆಲ್ಲ ಅದನ್ನು ಸಿಟಿ ಮಾರ್ಕೆಟ್ ಅಂತಲೇ ಕರೆಯುತ್ತೇವೆ. ಊರು ಇನ್ನೂ ಮಲಗಿರುತ್ತದೆ. ಅಷ್ಟು ಹೊತ್ತಿಗೇ ಅಲ್ಲಿ ಹೂವಿನ ಮೂಟೆಗಳು ಬಂದು ಬೀಳುತ್ತವೆ. ಸೇವಂತಿಗೆ, ಕನಕಾಂಬರ, ಕಾಕಡ, ಮಲ್ಲಿಗೆ. ಕೊಳ್ಳುವವರ ಕೂಗು, ಮಾರುವವರ ಕೂಗು. ಆ ಗದ್ದಲದ ನಡುವೆ ಹೂ ಕಟ್ಟಿ ಮೊಳದ ಲೆಕ್ಕದಲ್ಲಿ ಮಾರುವ ಹೆಂಗಸರು ನೂರಾರು.

ಅಂಥವರಲ್ಲಿ ಒಬ್ಬರು ನಮ್ಮ ಕಲಿಕಾ ಕೇಂದ್ರಕ್ಕೆ ಬರುತ್ತಾರೆ. ವಯಸ್ಸು ಅರವತ್ತು ದಾಟಿದೆ. ನಾವು ಅವರನ್ನು ಹೂವಿನಜ್ಜಿ ಎನ್ನುತ್ತೇವೆ. ಸಂಜೆ ಆರು ಗಂಟೆಗೆ ಚಾಮರಾಜಪೇಟೆಯ ನಮ್ಮ ಕೋಣೆಗೆ ಎಲ್ಲರಿಗಿಂತ ಮೊದಲು ಬಂದು ಕೂರುವವರು ಅವರೇ. ಒಂದು ವರ್ಷದಲ್ಲಿ ಒತ್ತಕ್ಷರ ಓದಲು ಕಲಿತರು.

ಒಂದು ದಿನ ಅಜ್ಜಿ ಪ್ಲಾಸ್ಟಿಕ್ ಕವರಿನಿಂದ ಒಂದು ಕಾಗದ ತೆಗೆದರು. ಮಡಿಸಿ ಮಡಿಸಿ ಅಂಚು ಸವೆದಿತ್ತು.

"ಟೀಚರಮ್ಮ, ಇದು ನನ್ನ ಮಗಂದು ಡೈವೋರ್ಸ್ ಪೇಪರು. ನಾನೇ ಓದ್ತೀನಿ. ತಪ್ಪಾದ್ರೆ ಹೇಳಿ" ಅಂದರು.

ಬೆರಳಿಟ್ಟು ಓದಿದರು. ಮಗ ಮತ್ತು ಸೊಸೆ ಇಬ್ಬರೂ ಒಪ್ಪಿ ಬೇರೆಯಾಗಿದ್ದಾರೆ. ಏಳು ವರ್ಷದ ಗಂಡು ಮಗು ತಾಯಿಯ ಹತ್ತಿರ ಇರುತ್ತಾನೆ. ತಿಂಗಳಿಗೊಂದು ಭಾನುವಾರ ತಂದೆ ಮಗುವನ್ನು ನೋಡಬಹುದು. ಅಷ್ಟೇ ಬರೆದಿತ್ತು.

ಅಜ್ಜಿ ಕಾಗದವನ್ನು ಹಿಂದೆ ಮುಂದೆ ತಿರುಗಿಸಿದರು. ಇನ್ನೊಮ್ಮೆ ಮೊದಲಿಂದ ಓದಿದರು. ಆಮೇಲೆ ಕೇಳಿದರು:

"ಅಜ್ಜಿ ಅನ್ನೋ ಪದ ಎಲ್ಲೂ ಇಲ್ವಲ್ಲ, ಟೀಚರಮ್ಮ?"

ಹೌದು. ಎಲ್ಲೂ ಇರಲಿಲ್ಲ.

ಸೊಸೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದಳು. ಮೂರು ತಿಂಗಳ ಕೂಸಿನಿಂದ ಆ ಮಗುವನ್ನು ಎತ್ತಿ ಆಡಿಸಿದವರು ಈ ಅಜ್ಜಿ. ಹೂವಿನ ಬುಟ್ಟಿಯ ಪಕ್ಕದಲ್ಲೇ ಗೋಣಿ ಹಾಸಿ ಮಲಗಿಸಿದವರು. ಈಗ ಸೊಸೆ ಮಗುವನ್ನು ಕರೆದುಕೊಂಡು ಮಲ್ಲೇಶ್ವರದಲ್ಲಿ ತನ್ನ ತಾಯಿಯ ಜೊತೆ ಇದ್ದಾಳೆ. ಮಗ ಲಾರಿ ಓಡಿಸುತ್ತಾನೆ. ಹೊರರಾಜ್ಯಕ್ಕೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಅವನು ಬರದಿದ್ದರೆ ಆ ಭಾನುವಾರವೂ ಇಲ್ಲ. ಅಜ್ಜಿ ಮೊಮ್ಮಗನ ಮುಖ ನೋಡಿ ಎಂಟು ತಿಂಗಳಾಗಿತ್ತು.

ಒಂದು ಸಲ ತಡೆಯಲಾರದೆ ಅಜ್ಜಿ ಶಾಲೆಯ ಗೇಟಿನ ಹತ್ತಿರ ಹೋಗಿ ನಿಂತರು. ಮಗು ಓಡಿ ಬಂದು ಸೆರಗು ಹಿಡಿದುಕೊಂಡ. ಕರೆದೊಯ್ಯಲು ಬಂದ ಸೊಸೆ ಹೆದರಿ ಕೂಗಾಡಿದಳು. ಜನ ಸೇರಿದರು. ಮಗು ಅತ್ತಿತು.

"ನಾನೇನು ಕಳ್ಳೀನಾ, ಟೀಚರಮ್ಮ?" ಎಂದು ಅಜ್ಜಿ ಕೇಳಿದಾಗ ನಮ್ಮ ಬಳಿ ಉತ್ತರ ಇರಲಿಲ್ಲ. ನಾವು ಕಾನೂನು ಓದಿದವರಲ್ಲ. ಆದರೆ ತಿಳಿದವರನ್ನು ಕೇಳಿದೆವು. ಪುಸ್ತಕ ಹುಡುಕಿದೆವು. ತಿಳಿದದ್ದನ್ನು ಇಲ್ಲಿ ನಿಮಗೆ ಹೇಳುತ್ತಿದ್ದೇವೆ. ಇಂಥ ಅಜ್ಜಿಯರು ನಮ್ಮ ಕೇರಿಯಲ್ಲೂ ಇದ್ದಾರೆ, ನಿಮ್ಮ ಊರಿನಲ್ಲೂ ಇದ್ದಾರೆ.

ಮೊದಲು ಎರಡು ಪದ

ಕೋರ್ಟಿನಲ್ಲಿ ಎರಡು ಪದ ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ.

ಒಂದು, ಸುಪರ್ದಿ. ಮಗು ಯಾರ ಮನೆಯಲ್ಲಿ ಇರಬೇಕು, ಯಾರು ಸಾಕಬೇಕು ಎಂಬುದು ಸುಪರ್ದಿ. ಜನ ಇದನ್ನೇ ಕಸ್ಟಡಿ ಅನ್ನುತ್ತಾರೆ.

ಎರಡು, ಭೇಟಿ. ಮಗು ಒಬ್ಬರ ಬಳಿ ಇರುವಾಗ ಇನ್ನೊಬ್ಬರು ಬಂದು ನೋಡಿ, ಮಾತಾಡಿಸಿ, ಜೊತೆಯಲ್ಲಿ ಸ್ವಲ್ಪ ಹೊತ್ತು ಕಳೆಯುವುದು ಭೇಟಿ.

ಈ ಎರಡೂ ಬೇರೆ ಬೇರೆ. ಸುಪರ್ದಿ ಸಿಗುವುದು ಕಷ್ಟ. ಭೇಟಿಯ ಅವಕಾಶ ಅದಕ್ಕಿಂತ ಸುಲಭ. ಬಹಳ ಅಜ್ಜಿಯರಿಗೆ ಬೇಕಾಗಿರುವುದು ಭೇಟಿ ಮಾತ್ರ. ಆದರೆ ಸಿಟ್ಟಿನಲ್ಲಿ "ಮಗೂನೇ ಕೊಟ್ಬಿಡಿ" ಎಂದು ಕೇಳುತ್ತಾರೆ. ಆಗ ಎದುರಿನವರು ಹೆದರುತ್ತಾರೆ. ಬಾಗಿಲು ಮುಚ್ಚುತ್ತಾರೆ. ಆದ್ದರಿಂದ ನಮಗೆ ಏನು ಬೇಕು ಎಂದು ನಾವೇ ಮೊದಲು ತಿಳಿದುಕೊಳ್ಳಬೇಕು.

ಕಾನೂನು ಏನು ಹೇಳುತ್ತದೆ?

ನಿಜವನ್ನೇ ಹೇಳುತ್ತೇವೆ. "ಡೈವೋರ್ಸ್ ಆದ ಮೇಲೆ ಅಜ್ಜಿ ತಾತನಿಗೆ ಮೊಮ್ಮಗುವನ್ನು ನೋಡುವ ಹಕ್ಕಿದೆ" ಎಂದು ನೇರವಾಗಿ ಹೇಳುವ ಪ್ರತ್ಯೇಕ ಕಾನೂನು ನಮ್ಮ ದೇಶದಲ್ಲಿ ಇಲ್ಲ. 2015ರಲ್ಲಿ ಭಾರತದ ಕಾನೂನು ಆಯೋಗ ಮಕ್ಕಳ ಸುಪರ್ದಿಯ ಬಗ್ಗೆ ಒಂದು ವರದಿ ಕೊಟ್ಟಿತು. ಅಜ್ಜಿ ತಾತನ ಜೊತೆ ಮಗು ಕಳೆಯುವ ಸಮಯದ ಮಾತು ಅದರಲ್ಲಿ ಇತ್ತು. ಆದರೆ ವರದಿ ಬೇರೆ, ಕಾನೂನು ಬೇರೆ. ಆ ಮಾತು ಇನ್ನೂ ಕಾನೂನಾಗಿಲ್ಲ.

ಹಾಗಾದರೆ ದಾರಿಯೇ ಇಲ್ಲವೇ? ಇದೆ.

1890ರಲ್ಲಿ ಒಂದು ಕಾನೂನು ಬಂತು. ಅದರ ಹೆಸರು ಪೋಷಕರು ಮತ್ತು ಪಾಲ್ಯರ ಕಾಯ್ದೆ. ಪಾಲ್ಯ ಎಂದರೆ ಪಾಲನೆಗೆ ಒಳಪಟ್ಟ ಮಗು. ಈ ಕಾಯ್ದೆ ಬಹಳ ಹಳೆಯದು. ಈಗಲೂ ನಡೆಯುತ್ತಿದೆ. ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಭೇದವಿಲ್ಲದೆ ಎಲ್ಲರೂ ಇದರ ಕೆಳಗೆ ಅರ್ಜಿ ಹಾಕಬಹುದು. ಮಗುವಿನ ಪೋಷಕರನ್ನು ನೇಮಿಸಿ ಎಂದು ತಂದೆ ತಾಯಿ ಮಾತ್ರವಲ್ಲ, ಮಗುವಿನ ಯಾವ ನೆಂಟರೂ ಕೇಳಬಹುದು ಎಂದು ಈ ಕಾಯ್ದೆ ಹೇಳುತ್ತದೆ. ಅಜ್ಜಿ ನೆಂಟಳೇ ತಾನೆ? ಆದ್ದರಿಂದ ಅಜ್ಜಿಗೆ ಕೋರ್ಟಿನ ಬಾಗಿಲು ತೆರೆದಿದೆ.

1984ರಲ್ಲಿ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಬಂತು. ಗಂಡ ಹೆಂಡತಿಯ ಜಗಳ, ಜೀವನಾಂಶ, ಮಕ್ಕಳ ಸುಪರ್ದಿ, ಮಗುವನ್ನು ಕಾಣುವ ಅವಕಾಶ, ಇವೆಲ್ಲ ಈ ನ್ಯಾಯಾಲಯದಲ್ಲಿ ನಡೆಯುತ್ತವೆ. ಜನ ಇದನ್ನು ಫ್ಯಾಮಿಲಿ ಕೋರ್ಟ್ ಅನ್ನುತ್ತಾರೆ. ಎರಡೂ ಕಡೆಯವರನ್ನು ಕೂರಿಸಿ ಮೊದಲು ರಾಜಿಗೆ ಪ್ರಯತ್ನಿಸುವುದು ಈ ಕೋರ್ಟಿನ ಕರ್ತವ್ಯ.

ಇನ್ನೊಂದು ಕಾನೂನಿನ ಬಗ್ಗೆ ಗೊಂದಲ ಬೇಡ. 2007ರಲ್ಲಿ ಹಿರಿಯ ನಾಗರಿಕರ ಕಾಯ್ದೆ ಬಂತು. ವಯಸ್ಸಾದವರನ್ನು ಮಕ್ಕಳು ನೋಡಿಕೊಳ್ಳದಿದ್ದರೆ ಜೀವನಾಂಶ ಕೇಳಲು ಅದು ಸಹಾಯ ಮಾಡುತ್ತದೆ. ಮೊಮ್ಮಕ್ಕಳ ಭೇಟಿಗೆ ಆ ಕಾಯ್ದೆಯಲ್ಲಿ ದಾರಿ ಇಲ್ಲ.

ಹಕ್ಕು ಯಾರದು?

ಇಲ್ಲಿ ಒಂದು ಮುಖ್ಯ ಮಾತಿದೆ. ದಯವಿಟ್ಟು ಇದನ್ನು ಎರಡು ಸಲ ಓದಿ.

ಕೋರ್ಟು ನೋಡುವುದು ಅಜ್ಜಿಯ ಆಸೆಯನ್ನಲ್ಲ. ತಂದೆಯ ಹಟವನ್ನಲ್ಲ. ತಾಯಿಯ ಸಿಟ್ಟನ್ನೂ ಅಲ್ಲ. ಕೋರ್ಟು ನೋಡುವುದು ಮಗುವಿನ ಹಿತವನ್ನು.

ಹಿಂದೂಗಳಿಗೆ 1956ರ ಒಂದು ಕಾಯ್ದೆ ಇದೆ. ಮಗುವಿನ ಹಿತವೇ ಎಲ್ಲಕ್ಕಿಂತ ದೊಡ್ಡದು ಎಂದು ಅದು ಹೇಳುತ್ತದೆ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ ಇರಬೇಕು ಎಂದೂ ಹೇಳುತ್ತದೆ.

ಮುಸ್ಲಿಮರಲ್ಲಿ ಮಗುವನ್ನು ಸಾಕುವ ಹಕ್ಕಿಗೆ ಹಿಜಾನತ್ ಎನ್ನುತ್ತಾರೆ. ಹನಫಿ ಪದ್ಧತಿಯಲ್ಲಿ ಗಂಡು ಮಗು ಏಳು ವರ್ಷದವರೆಗೆ, ಹೆಣ್ಣು ಮಗು ಮೈನೆರೆಯುವವರೆಗೆ ತಾಯಿಯ ಬಳಿ ಇರುತ್ತದೆ. ತಾಯಿ ಇಲ್ಲದಿದ್ದರೆ ತಾಯಿಯ ತಾಯಿಗೆ ಸರದಿ. ಅವರೂ ಇಲ್ಲದಿದ್ದರೆ ತಂದೆಯ ತಾಯಿಗೆ. ನೋಡಿ, ಅಲ್ಲಿ ಅಜ್ಜಿಯರಿಗೆ ಸ್ಪಷ್ಟವಾದ ಸ್ಥಾನವಿದೆ. ಆದರೂ ಕೋರ್ಟಿಗೆ ಬಂದಾಗ ಮಗುವಿನ ಹಿತವನ್ನೇ ನೋಡುತ್ತಾರೆ.

ಹಿತ ಎಂದರೆ ಏನು? ಮಗುವಿನ ವಯಸ್ಸೆಷ್ಟು? ಯಾರ ಬಳಿ ಬೆಳೆದಿದೆ? ಯಾರು ಚೆನ್ನಾಗಿ ನೋಡಿಕೊಳ್ಳಬಲ್ಲರು? ಸಂಬಂಧ ಎಷ್ಟು ಹತ್ತಿರದ್ದು? ಶಾಲೆ ತಪ್ಪುವುದಿಲ್ಲವೇ? ಇದನ್ನೆಲ್ಲ ನ್ಯಾಯಾಧೀಶರು ನೋಡುತ್ತಾರೆ. ಮಗು ತಿಳಿವಳಿಕೆಯಿಂದ ಮಾತಾಡುವಷ್ಟು ದೊಡ್ಡದಾಗಿದ್ದರೆ ಅದರ ಮನಸ್ಸನ್ನೂ ಕೇಳುತ್ತಾರೆ.

ಆದ್ದರಿಂದ ಅಜ್ಜಿ "ನನಗೆ ನನ್ನ ಮೊಮ್ಮಗ ಬೇಕು" ಎಂದಷ್ಟೇ ಹೇಳಿದರೆ ಸಾಲದು. "ಮಗು ನನ್ನ ಮಡಿಲಲ್ಲಿ ಬೆಳೆದಿದೆ. ನನ್ನನ್ನು ಕಂಡರೆ ಅದಕ್ಕೆ ಸಂತೋಷ, ಧೈರ್ಯ" ಎಂದು ತೋರಿಸಬೇಕು.

ಮೂರು ತೀರ್ಪುಗಳು

ದೆಹಲಿಯಲ್ಲಿರುವ ಸುಪ್ರೀಂ ಕೋರ್ಟ್ ದೇಶಕ್ಕೆ ದೊಡ್ಡ ಕೋರ್ಟು. ಅಲ್ಲಿ ಬಂದ ಮೂರು ತೀರ್ಪುಗಳನ್ನು ಹೇಳುತ್ತೇವೆ. ಇವು ಡೈವೋರ್ಸಿನ ಮೊಕದ್ದಮೆಗಳಲ್ಲ. ಮಗುವಿನ ತಂದೆ ಅಥವಾ ತಾಯಿ ತೀರಿಕೊಂಡಿದ್ದವು. ಆದರೆ ಅಜ್ಜಿ ತಾತನ ವಿಷಯದಲ್ಲಿ ಕೋರ್ಟು ಹೇಗೆ ಯೋಚಿಸುತ್ತದೆ ಎಂದು ಇವುಗಳಿಂದ ತಿಳಿಯುತ್ತದೆ.

ಮೊದಲನೆಯದು 2022ರದು. 2021ರಲ್ಲಿ ಕೊರೊನಾದಿಂದ ಗುಜರಾತಿನ ಒಬ್ಬ ಪುಟ್ಟ ಹುಡುಗ ತಂದೆಯನ್ನೂ ತಾಯಿಯನ್ನೂ ಕಳೆದುಕೊಂಡ. ತಂದೆಯ ಕಡೆಯ ಅಜ್ಜಿ ತಾತ ಒಂದು ಕಡೆ. ತಾಯಿಯ ಸೋದರಿ ಇನ್ನೊಂದು ಕಡೆ. ಆಕೆಗೆ ಸರ್ಕಾರಿ ನೌಕರಿ, ವಯಸ್ಸೂ ಕಡಿಮೆ. ಹೈಕೋರ್ಟು ಮಗುವನ್ನು ಆಕೆಗೆ ಕೊಟ್ಟಿತ್ತು. ಸುಪ್ರೀಂ ಕೋರ್ಟ್ ಅದನ್ನು ಬದಲಾಯಿಸಿ ಅಜ್ಜಿ ತಾತನಿಗೆ ಕೊಟ್ಟಿತು. ಸಂಬಳ ಹೆಚ್ಚು, ವಯಸ್ಸು ಕಡಿಮೆ ಎಂಬುದನ್ನೇ ನೋಡಿ ತೀರ್ಮಾನಿಸಬಾರದು ಎಂದಿತು. ಬಡವರು, ವಯಸ್ಸಾದವರು ಎಂದು ನಾವು ಹಿಂಜರಿಯಬೇಕಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಎರಡನೆಯದು 2024ರದು, ಮಧ್ಯಪ್ರದೇಶದಿಂದ ಬಂದದ್ದು. ತಾಯಿ ತೀರಿಕೊಂಡ ಒಂದು ಹಸುಗೂಸು ತಾಯಿಯ ಕಡೆಯವರ ಬಳಿ ಬೆಳೆಯುತ್ತಿತ್ತು. ಹೈಕೋರ್ಟು ಅದನ್ನು ತಂದೆಗೂ ತಂದೆಯ ಹೆತ್ತವರಿಗೂ ಒಪ್ಪಿಸಲು ಹೇಳಿತ್ತು. ಸುಪ್ರೀಂ ಕೋರ್ಟ್ ಅದನ್ನು ತಡೆಯಿತು. ಮಗು ಒಂದು ಕಡೆಯಿಂದ ಇನ್ನೊಂದು ಕಡೆಗೆ ಎತ್ತಿಡುವ ಸಾಮಾನಲ್ಲ ಎಂಬ ಅರ್ಥದ ಮಾತು ಹೇಳಿತು. ಮಗು ಇದ್ದಲ್ಲೇ ಇರಲಿ ಎಂದಿತು. ಜೊತೆಗೆ ತಂದೆಗೂ ಆ ಕಡೆಯ ಅಜ್ಜಿ ತಾತನಿಗೂ ಭೇಟಿಯ ಅವಕಾಶ ಕೊಟ್ಟಿತು.

ಮೂರನೆಯದು 2025ರದು, ಉತ್ತರ ಪ್ರದೇಶದಿಂದ ಬಂದದ್ದು. ತಾಯಿ ತೀರಿಕೊಂಡ ಮೇಲೆ ಹುಡುಗ ತಾಯಿಯ ಹೆತ್ತವರ ಬಳಿ ಇದ್ದ. ತಂದೆ ಮಗುವನ್ನು ಕೇಳಿದ. ಇಲ್ಲಿ ಕೋರ್ಟು ಸುಪರ್ದಿಯನ್ನು ತಂದೆಗೆ ಕೊಟ್ಟಿತು. ತಂದೆ ಯೋಗ್ಯನಾಗಿರುವಾಗ ಅಜ್ಜಿ ತಾತನ ಹಕ್ಕು ಅವನ ಹಕ್ಕಿಗಿಂತ ದೊಡ್ಡದಲ್ಲ ಎಂದಿತು.

ಮೂರು ತೀರ್ಪು, ಮೂರು ದಾರಿ. ಒಂದರಲ್ಲಿ ಅಜ್ಜಿ ತಾತನಿಗೆ ಮಗು ಸಿಕ್ಕಿತು. ಒಂದರಲ್ಲಿ ಭೇಟಿ ಸಿಕ್ಕಿತು. ಒಂದರಲ್ಲಿ ಮಗು ತಂದೆಗೆ ಹೋಯಿತು. ಅಳತೆಗೋಲು ಮಾತ್ರ ಒಂದೇ. ಅದು ಮಗುವಿನ ಹಿತ.

ಇದರಿಂದ ನಾವು ಕಲಿಯುವುದೇನು? ತಂದೆಯೋ ತಾಯಿಯೋ ಯೋಗ್ಯರಾಗಿದ್ದರೆ ಸುಪರ್ದಿ ಸಾಮಾನ್ಯವಾಗಿ ಅವರಿಗೇ. ಇಬ್ಬರೂ ಇಲ್ಲದಿದ್ದರೆ, ಇಬ್ಬರೂ ಮಗುವನ್ನು ಬಿಟ್ಟು ಹೋದರೆ, ಅವರ ಬಳಿ ಮಗುವಿಗೆ ಅಪಾಯವಿದ್ದರೆ, ಆಗ ಅಜ್ಜಿ ತಾತ ಸುಪರ್ದಿಯನ್ನೇ ಕೇಳಬಹುದು. ಉಳಿದಂತೆ ಭೇಟಿಯನ್ನು ಕೇಳುವುದೇ ಸರಿಯಾದ ದಾರಿ.

ಸೊಸೆಯ ಮಾತನ್ನೂ ಕೇಳೋಣ

ಈ ಪುಸ್ತಕ ಓದುವವರಲ್ಲಿ ಅತ್ತೆಯರೂ ಇದ್ದೀರಿ, ಸೊಸೆಯರೂ ಇದ್ದೀರಿ. ಸೊಸೆಯ ಕಷ್ಟ ಹೇಳದಿದ್ದರೆ ನಮ್ಮ ಮಾತು ಅರ್ಧವಾಗುತ್ತದೆ.

ಗಂಡನ ಮನೆಯಲ್ಲಿ ಪೆಟ್ಟು ತಿಂದು ಹೊರಗೆ ಬಂದ ಹೆಣ್ಣು ಆ ಮನೆಯವರನ್ನು ಕಂಡರೆ ಹೆದರುವುದು ಸಹಜ. "ಮಗೂನ ಕರ್ಕೊಂಡು ಹೋಗಿ ವಾಪಸ್ ಕಳಿಸದಿದ್ರೆ?" ಎಂಬ ಭಯ ಅವಳಿಗೆ ಇರುತ್ತದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಅವಳ ನೆರವಿಗಿದೆ. ಹಿಂಸೆ ಮಾಡಿದವರು ಬಂದು ನೋಡುವುದರಿಂದ ಮಗುವಿಗೆ ಕೆಡುಕಾಗುತ್ತದೆ ಎಂದು ಕಂಡರೆ ನ್ಯಾಯಾಧೀಶರು ಭೇಟಿಯನ್ನೇ ನಿಲ್ಲಿಸಬಹುದು.

ಆದರೆ ಗಂಡನ ಮೇಲಿನ ಸಿಟ್ಟನ್ನು ಅಜ್ಜಿಯ ಮೇಲೆ ತೀರಿಸಿಕೊಳ್ಳುವುದೂ ಸರಿಯಲ್ಲ. ಗಂಡ ಹೆಂಡತಿಯ ಸಂಬಂಧ ಕೋರ್ಟಿನಲ್ಲಿ ಮುಗಿಯಬಹುದು. ಅಜ್ಜಿ ಮೊಮ್ಮಗುವಿನ ಸಂಬಂಧ ಯಾವ ಕೋರ್ಟಿನಲ್ಲೂ ಮುಗಿಯುವುದಿಲ್ಲ. ಕಥೆ ಹೇಳುವ ಅಜ್ಜಿ ಇರುವುದು ಮಗುವಿಗೆ ಒಂದು ಆಸ್ತಿ.

ಎಲ್ಲಿಗೆ ಹೋಗಬೇಕು? ಏನು ಮಾಡಬೇಕು?

ಒಂದು. ಮೊದಲು ಮಾತು. ಇಬ್ಬರೂ ಗೌರವಿಸುವ ಒಬ್ಬ ಹಿರಿಯರ ಮೂಲಕ ಸೊಸೆಗೆ ಹೇಳಿಸಿ. ಸಣ್ಣದಾಗಿ ಕೇಳಿ. ತಿಂಗಳಿಗೆ ಎರಡು ಗಂಟೆ, ಅಥವಾ ವಾರಕ್ಕೊಂದು ಫೋನು. "ನೀನೂ ಜೊತೆಯಲ್ಲಿರಮ್ಮ" ಎನ್ನಿ. ಭಯ ಕಡಿಮೆಯಾಗುತ್ತದೆ.

ಎರಡು. ಡೈವೋರ್ಸ್ ಇನ್ನೂ ಆಗಿಲ್ಲವೇ? ಹಾಗಾದರೆ ಇದೇ ಒಳ್ಳೆಯ ಸಮಯ. ಇಬ್ಬರೂ ಒಪ್ಪಿ ಬೇರೆಯಾಗುವಾಗ ಒಪ್ಪಂದದ ಕಾಗದ ಬರೆಯುತ್ತಾರೆ. ಅದರಲ್ಲಿ ಒಂದು ಸಾಲು ಸೇರಿಸಲು ಹೇಳಿ. ಅಜ್ಜಿ ತಾತ ಮಗುವನ್ನು ಯಾವ ದಿನ, ಎಷ್ಟು ಹೊತ್ತು, ಎಲ್ಲಿ ನೋಡಬಹುದು ಎಂಬ ಸಾಲು. ಹಬ್ಬಕ್ಕೆ, ರಜೆಗೆ ಏನು ಎಂಬುದನ್ನೂ ಬರೆಸಿ. ತಂದೆ ಊರಿನಲ್ಲಿ ಇಲ್ಲದಿದ್ದರೂ ಭೇಟಿ ನಡೆಯಬೇಕು ಎಂದು ಬರೆಸಿ. ಈ ಒಂದು ಸಾಲು ಮುಂದೆ ಹತ್ತು ಜಗಳ ತಪ್ಪಿಸುತ್ತದೆ. ಹೂವಿನಜ್ಜಿಯ ಕಾಗದದಲ್ಲಿ ಇಲ್ಲದೆ ಹೋದದ್ದು ಇದೇ ಸಾಲು.

ಮೂರು. ಡೈವೋರ್ಸ್ ಆಗಿಹೋಗಿದೆಯೇ? ಆಗಲೂ ದಾರಿ ಇದೆ. ಮಗುವಿನ ವಿಷಯದ ಆದೇಶ ಶಿಲಾಶಾಸನವಲ್ಲ. ಪರಿಸ್ಥಿತಿ ಬದಲಾದರೆ ಕೋರ್ಟು ಅದನ್ನು ಬದಲಾಯಿಸಬಹುದು. ತಂದೆಯೋ ತಾಯಿಯೋ ಬದಲಾವಣೆ ಕೇಳಬಹುದು. ಅಜ್ಜಿ ತಾತ ತಾವೇ ಬೇರೆ ಅರ್ಜಿಯನ್ನೂ ಹಾಕಬಹುದು.

ನಾಲ್ಕು. ಯಾವ ಊರಿನ ಕೋರ್ಟು? ಮಗು ಎಲ್ಲಿ ವಾಸವಾಗಿದೆಯೋ ಆ ಊರಿನ ಕೋರ್ಟು. ಅಜ್ಜಿ ಇರುವ ಊರಿನದಲ್ಲ. ಮಗು ಮಂಡ್ಯದಲ್ಲಿದ್ದರೆ ಮಂಡ್ಯಕ್ಕೇ ಹೋಗಬೇಕು. ಮಗು ಬೆಂಗಳೂರಿನಲ್ಲಿದ್ದರೆ ಇಲ್ಲಿನ ಕೌಟುಂಬಿಕ ನ್ಯಾಯಾಲಯ. ಅದು ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಎಂಬ ಕಟ್ಟಡದಲ್ಲಿದೆ. ಸಿಟಿ ಮಾರ್ಕೆಟ್ಟಿನಿಂದ ಬಹಳ ದೂರವೇನಲ್ಲ.

ಐದು. ವಕೀಲರಿಗೆ ದುಡ್ಡು ಎಲ್ಲಿಂದ ತರುವುದು? ಹೆದರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಂಗಸರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ಇದಕ್ಕೆ ಆದಾಯದ ಮಿತಿ ಇಲ್ಲ. ಬಡವಳೇ ಆಗಬೇಕೆಂದಿಲ್ಲ, ಹೆಣ್ಣಾಗಿದ್ದರೆ ಸಾಕು. ಜಿಲ್ಲಾ ಕೋರ್ಟಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ. ತಾಲ್ಲೂಕು ಕೋರ್ಟಿನಲ್ಲೂ ಸಮಿತಿ ಇರುತ್ತದೆ. ಅಲ್ಲಿ ಅರ್ಜಿ ಕೊಟ್ಟರೆ ವಕೀಲರನ್ನು ಅವರೇ ಕೊಡುತ್ತಾರೆ. 15100 ಎಂಬ ನಂಬರಿಗೆ ಫೋನ್ ಮಾಡಿಯೂ ಕೇಳಬಹುದು. ಈ ನಂಬರನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ.

ಆರು. ರಾಜಿಗೆ ಮಧ್ಯಸ್ಥಿಕೆ ಕೇಂದ್ರವಿದೆ. ಬೆಂಗಳೂರಿನ ಕೇಂದ್ರ 2007ರಲ್ಲಿ ಶುರುವಾಯಿತು. ಅಲ್ಲಿ ನ್ಯಾಯಾಧೀಶರ ಪೀಠ ಇರುವುದಿಲ್ಲ, ವಾದ ಇರುವುದಿಲ್ಲ. ಒಂದು ಮೇಜಿನ ಸುತ್ತ ಕೂತು ಮಾತಾಡುತ್ತಾರೆ. ಅಲ್ಲಿ ಆಡಿದ ಮಾತು ಗುಟ್ಟಾಗಿ ಉಳಿಯುತ್ತದೆ. ಒಪ್ಪಿದ್ದನ್ನು ಕಾಗದದಲ್ಲಿ ಬರೆಯುತ್ತಾರೆ.

ಏಳು. ಕಾಗದಗಳನ್ನು ಜೋಡಿಸಿಕೊಳ್ಳಿ. ಡೈವೋರ್ಸ್ ಆದೇಶದ ಪ್ರತಿ. ಮಗುವಿನ ಜನನ ಪ್ರಮಾಣ ಪತ್ರ ಇದ್ದರೆ ಅದರ ಪ್ರತಿ. ಮಗುವಿನ ಹೆಸರಿರುವ ರೇಷನ್ ಕಾರ್ಡು. ನೀವು ಮಗುವನ್ನು ಎತ್ತಿಕೊಂಡಿರುವ ಫೋಟೋ. ನೀವು ಕಟ್ಟಿದ ಶಾಲೆ ಫೀಸಿನ ರಸೀದಿ. ಲಸಿಕೆ ಹಾಕಿಸಿದ ಕಾರ್ಡು. ಮಗು ನಿಮ್ಮ ಕೈಯಲ್ಲಿ ಬೆಳೆದಿದೆ ಎಂದು ಹೇಳುವ ಸಾಕ್ಷಿಗಳು ಇವು.

ಏನು ಮಾಡಬಾರದು?

ಹೇಳದೆ ಕೇಳದೆ ಮಗುವನ್ನು ಶಾಲೆಯಿಂದ ಕರೆದುಕೊಂಡು ಬರಬೇಡಿ. ಪ್ರೀತಿಯಿಂದ ಮಾಡಿದರೂ ಅದು ನಿಮಗೇ ತಿರುಗುತ್ತದೆ.

ಮಗುವಿನ ಎದುರಿಗೆ ಅದರ ತಾಯಿಯನ್ನೋ ತಂದೆಯನ್ನೋ ಬೈಯಬೇಡಿ. "ನಿಂಗೆ ಯಾರು ಇಷ್ಟ?" ಎಂದು ಕೇಳಬೇಡಿ. ಆ ಪ್ರಶ್ನೆ ಚಿಕ್ಕ ಎದೆಗೆ ಬಹಳ ಭಾರ.

ಜೀವನಾಂಶದ ದುಡ್ಡಿಗೂ ಭೇಟಿಗೂ ಗಂಟು ಹಾಕಬೇಡಿ. "ಮಗು ತೋರಿಸಿದ್ರೆ ದುಡ್ಡು" ಎಂದು ಮಗನಿಗೆ ಹೇಳಿಕೊಡಬೇಡಿ. ಆ ದುಡ್ಡು ಮಗುವಿನ ಅನ್ನ.

ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ, ಹೆಬ್ಬೆಟ್ಟು ಒತ್ತಬೇಡಿ. ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳಲು ಕೇಳಿ. ನಾಚಿಕೆ ಬೇಡ.

ಹೂವಿನಜ್ಜಿ ಏನು ಮಾಡಿದರು?

ನಾವು ಇಬ್ಬರು ಕಾರ್ಯಕರ್ತೆಯರು ಅಜ್ಜಿಯ ಜೊತೆ ಉಚಿತ ಕಾನೂನು ನೆರವಿನ ಕಚೇರಿಗೆ ಹೋದೆವು. ಅರ್ಜಿಯಲ್ಲಿ ತನ್ನ ಹೆಸರನ್ನು ಅಜ್ಜಿಯೇ ಬರೆದರು. ಸೊಸೆಗೆ ತಿಳಿವಳಿಕೆ ಪತ್ರ ಹೋಯಿತು. ಮೊದಲ ದಿನ ಅವಳು ಬರಲಿಲ್ಲ. ಎರಡನೆಯ ಸಲ ಅವಳ ತಾಯಿಯನ್ನು ಕರೆದುಕೊಂಡು ಬಂದಳು. ಕುರ್ಚಿಯ ಅಂಚಿನಲ್ಲಿ ಕೂತಳು.

"ಮಗೂನ ಕಿತ್ಕೊಳ್ಳೋಕೆ ತಾನೆ ಬಂದಿರೋದು?" ಎಂದು ಕೇಳಿದಳು.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಇಲ್ಲ ಕಣಮ್ಮ. ಅವನು ನಿನ್ನ ಹತ್ರಾನೇ ಇರ್ಲಿ. ನೀನು ತಾಯಿ. ನಾನು ಕಣ್ತುಂಬ ನೋಡ್ಬೇಕು ಅಷ್ಟೇ. ಆವತ್ತು ಸ್ಕೂಲ್ ಹತ್ರ ಬಂದಿದ್ದು ನಂದೇ ತಪ್ಪು."

ಸೊಸೆ ತಲೆ ತಗ್ಗಿಸಿದಳು. ಅಳು ತಡೆಯಲು ಆಗಲಿಲ್ಲ. ಮಗು ರಾತ್ರಿ ಹೊತ್ತು ಅಜ್ಜಿಯನ್ನು ಕೇಳುತ್ತದೆ ಎಂದು ಅವಳೇ ಹೇಳಿದಳು. ಆದರೂ ಒಂದೇ ದಿನಕ್ಕೆ ಎಲ್ಲವೂ ಸರಿಹೋಗಲಿಲ್ಲ. ಅಜ್ಜಿಯ ಮನೆಗೆ ಮಗುವನ್ನು ಕಳಿಸಲು ಅವಳು ಒಪ್ಪಲಿಲ್ಲ. ಮತ್ತೆ ಎರಡು ಸಲ ಮಾತುಕತೆ ಆಯಿತು. ಕೊನೆಗೆ ಒಪ್ಪಿದ್ದು ಇಷ್ಟು: ತಿಂಗಳಿಗೆ ಎರಡು ಭಾನುವಾರ, ಸಂಜೆ ಎರಡು ಗಂಟೆ, ಲಾಲ್‌ಬಾಗಿನಲ್ಲಿ. ಸೊಸೆ ಹತ್ತಿರದಲ್ಲೇ ಇರುತ್ತಾಳೆ. ಬುಧವಾರ ರಾತ್ರಿ ಒಂದು ಫೋನು.

ಅಜ್ಜಿ ಕೇಳಿದ್ದಕ್ಕಿಂತ ಇದು ಕಡಿಮೆ. ಆದರೆ ಎಂಟು ತಿಂಗಳ ಮುಚ್ಚಿದ ಬಾಗಿಲಿಗಿಂತ ಹೆಚ್ಚು.

ಕಾಗದ ಬರೆದಾದ ಮೇಲೆ ಅಜ್ಜಿಯ ಮುಂದೆ ಇಟ್ಟರು. "ಇಲ್ಲಿ ಸಹಿ ಹಾಕಿ" ಎಂದರು. ಅಜ್ಜಿ ಪೆನ್ನು ಹಿಡಿಯಲಿಲ್ಲ. "ತಡೀರಪ್ಪ, ಓದ್ತೀನಿ" ಅಂದರು. ಎಲ್ಲರೂ ಕಾದರು. ಅಜ್ಜಿ ಬೆರಳಿಟ್ಟು ಒಂದೊಂದೇ ಪದ ಓದಿದರು. ಮೂರನೆಯ ಸಾಲಿನಲ್ಲಿ ಬೆರಳು ನಿಂತಿತು. ಅಲ್ಲಿ "ಅಜ್ಜಿ" ಎಂದು ಬರೆದಿತ್ತು. ಜ-ಕಾರಕ್ಕೆ ಜ-ಒತ್ತು. ಅಜ್ಜಿ ಆ ಪದವನ್ನು ಎರಡು ಸಲ ಓದಿದರು. ಆಮೇಲೆ ಸಹಿ ಹಾಕಿದರು.

ಮುಂದಿನ ಭಾನುವಾರ ಅವರು ಮಾರ್ಕೆಟ್ಟಿನಿಂದ ಬೇಗ ಎದ್ದರು. ಒಂದು ಮೊಳ ಮಲ್ಲಿಗೆಯನ್ನು ಬಾಳೆಲೆಯಲ್ಲಿ ಕಟ್ಟಿಕೊಂಡರು. "ಮೊಮ್ಮಗನಿಗೆ ಹೂವಾ ಅಜ್ಜಿ?" ಎಂದು ನಾವು ನಗುತ್ತಾ ಕೇಳಿದೆವು.

"ಅವನಿಗೆ ಕಡ್ಲೆಪುರಿ ಇದೆ. ಇದು ಅವನ ಅಮ್ಮಂಗೆ" ಎಂದರು.

ನೆನಪಿಡಿ

ಸುಪರ್ದಿ ಬೇರೆ, ಭೇಟಿ ಬೇರೆ.
ಕೋರ್ಟು ನೋಡುವುದು ಮಗುವಿನ ಹಿತವನ್ನು.
ಮಗು ಇರುವ ಊರಿನ ಕೋರ್ಟಿಗೆ ಹೋಗಬೇಕು.
ಹೆಂಗಸರಿಗೆ ಕಾನೂನು ನೆರವು ಉಚಿತ. ಫೋನ್ ನಂಬರು 15100.
ಒಪ್ಪಂದದ ಕಾಗದದಲ್ಲಿ ಅಜ್ಜಿ ತಾತನ ಭೇಟಿಯ ಸಾಲು ಇರಲಿ.
ಓದಿ, ಆಮೇಲೆ ಸಹಿ ಹಾಕಿ.

ಕೂತು ಮಾತಾಡಿ

1. ಅಜ್ಜಿ ಶಾಲೆಯ ಗೇಟಿಗೆ ಹೋದದ್ದು ಸರಿಯೇ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?
2. ಸೊಸೆ ಯಾಕೆ ಹೆದರಿದಳು? ಅವಳ ಭಯ ಹೋಗಿಸಲು ಅಜ್ಜಿ ಏನು ಹೇಳಿದರು?
3. ನಿಮ್ಮ ಕೇರಿಯಲ್ಲಿ ಇಂಥ ಅಜ್ಜಿ ಇದ್ದಾರೆಯೇ? ಅವರಿಗೆ ಈ ಪಾಠ ಓದಿ ಹೇಳುವಿರಾ?

ಬಿಟ್ಟ ಜಾಗ ತುಂಬಿ, ನಿಮ್ಮ ಕೈಯಾರೆ ಬರೆಯಿರಿ

ಅಜ್ಜಿ ಮತ್ತು ತಾತ ತಿಂಗಳಿಗೆ ........ ದಿನ, ........ ಗಂಟೆಯಿಂದ ........ ಗಂಟೆಯವರೆಗೆ, ........ ಎಂಬ ಜಾಗದಲ್ಲಿ ಮಗುವನ್ನು ನೋಡಬಹುದು.